ಬೂತಾಯಿ ಎಲ್ಲಿಗೆ ಹೋಯಿತು, ನವಿಲು ಎಲ್ಲಿಂದ ಬಂತು?

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ನಾಲ್ಕು ಪತ್ರಗಳ ಎಳೆ ಒಂದೇ ಆಗಿದೆ. ಇಲ್ಲಿದ್ದದ್ದು ಕಾಣುತ್ತಿಲ್ಲ, ಇಲ್ಲದಿದ್ದದ್ದು ಬಂದಿದೆ, ಇದಕ್ಕೆಲ್ಲ ಹವಾಮಾನ ಬದಲಾವಣೆಯೇ ಕಾರಣವೇ ಎಂದು ಓದುಗರು ಕೇಳಿದ್ದಾರೆ. ಒಂದೊಂದಕ್ಕೂ ಉತ್ತರ ಬೇರೆಯಾದ್ದರಿಂದ ನಾಲ್ಕನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮ್ಮ ತಂದೆಯವರು ರಂಪಣಿ (ದಡದಿಂದ ಎಳೆಯುವ ದೊಡ್ಡ ಬಲೆ) ಎಳೆದವರು. ಈಗ ಬೂತಾಯಿ (ಸಾರ್ಡೀನ್) ಮೀನು ಒಂದು ವರ್ಷ ರಾಶಿ ಬೀಳುತ್ತದೆ, ಆಮೇಲೆ ಮೂರು ನಾಲ್ಕು ವರ್ಷ ಮುಖ ತೋರಿಸುವುದಿಲ್ಲ. ಅದರ ಬದಲು ಯಾರೂ ಕೊಳ್ಳದ ಕಾರ್ಗಿಲ್ ಮೀನು ಬಲೆ ತುಂಬುತ್ತದೆ. ಕಡಲು ಬಿಸಿಯಾಗಿ ಬೂತಾಯಿ ಉತ್ತರಕ್ಕೆ ಹೋಯಿತು ಎಂದು ಹೇಳುತ್ತಾರೆ. ಇದು ನಿಜವೇ? (ಮಲ್ಪೆಯ ಓದುಗರು)

ಉತ್ತರ: ‘ಹೋಯಿತು’ ಎನ್ನುವ ಬದಲು ‘ಹಬ್ಬಿತು’ ಎಂದರೆ ಮಾತು ಸರಿಹೋಗುತ್ತದೆ. 1980ರ ದಶಕದ ಮಧ್ಯದವರೆಗೆ ದೇಶದ ಬೂತಾಯಿಯಲ್ಲಿ ಬಹುಪಾಲು ಸಿಗುತ್ತಿದ್ದದ್ದು ಕೇರಳ ಮತ್ತು ಕರ್ನಾಟಕದ ಕರಾವಳಿಯಲ್ಲಿ. ಆ ಬಳಿಕ ಅದು ಉತ್ತರದಲ್ಲಿ ಗುಜರಾತಿನ ಕಡೆಗೂ, ಪೂರ್ವ ಕರಾವಳಿಯಲ್ಲಿ ತಮಿಳುನಾಡು, ಆಂಧ್ರ, ಒಡಿಶಾ ದಾಟಿ ಬಂಗಾಳದವರೆಗೂ ಬಲೆಗೆ ಬೀಳತೊಡಗಿತು. ಹಿಂದೆ ಅದಕ್ಕೆ ತೀರ ತಂಪಾಗಿದ್ದ ನೀರು ಈಗ ಹಿತವೆನಿಸುವಷ್ಟು ಬೆಚ್ಚಗಾಗಿದೆ ಎಂಬುದು ಇದಕ್ಕೆ ಮೀನು ವಿಜ್ಞಾನಿಗಳು ಕೊಡುವ ವಿವರಣೆ. 1951ರಿಂದ 2015ರ ನಡುವೆ ಹಿಂದೂ ಮಹಾಸಾಗರದ ಉಷ್ಣವಲಯದ ಮೇಲ್ಮೈ ನೀರು ಸುಮಾರು 1 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿದೆ. ನಾವು ಬಿಸಿ ಚಹಾದಲ್ಲಿ ಲೆಕ್ಕಕ್ಕಿಡದಷ್ಟು ಸಣ್ಣ ವ್ಯತ್ಯಾಸ ಇದು. ಆದರೆ ತನ್ನ ಮೈಯ ಬಿಸಿಯನ್ನು ಸುತ್ತಲಿನ ನೀರಿನಿಂದಲೇ ಪಡೆಯುವ ಮೀನಿನ ಪಾಲಿಗೆ ಹಸಿವು, ಬೆಳವಣಿಗೆ, ಮೊಟ್ಟೆ ಇಡುವ ಕಾಲ ಎಲ್ಲವೂ ಆ ಒಂದು ಡಿಗ್ರಿಯ ಹಿಂದೆ ಹೋಗುತ್ತವೆ. ಜಗತ್ತಿನ ನಾನಾ ಕಡಲುಗಳ ದಾಖಲೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಮುದ್ರಜೀವಿಗಳ ನೆಲೆಯ ಮುಂಚೂಣಿ ದಶಕಕ್ಕೆ ಸರಾಸರಿ 72 ಕಿಲೋಮೀಟರಿನಂತೆ ಧ್ರುವಗಳ ಕಡೆಗೆ ಸರಿದಿರುವುದು ಕಂಡಿದೆ. ನೆಲದ ಜೀವಿಗಳಲ್ಲಿ ಇದು ಸುಮಾರು 17 ಕಿಲೋಮೀಟರ್ ಮಾತ್ರ. ಕಡಲಿನಲ್ಲಿ ಬೇಲಿಯಿಲ್ಲ, ಹೆದ್ದಾರಿಯಿಲ್ಲ ಎಂಬುದನ್ನು ನೆನೆದರೆ ಈ ಅಂತರ ಆಶ್ಚರ್ಯದ್ದಲ್ಲ.

ಆದರೆ ಬೂತಾಯಿಯ ವಿಷಯದಲ್ಲಿ ಬಿಸಿಯೊಂದನ್ನೇ ಹಿಡಿದು ಕೂತರೆ ದಾರಿ ತಪ್ಪುತ್ತದೆ. ಮಳೆಗಾಲದ ಗಾಳಿಗೆ ನಮ್ಮ ಕರಾವಳಿಯ ಮೇಲ್ಮೈ ನೀರು ಆಚೆಗೆ ಸರಿದು, ತಳದ ತಣ್ಣನೆಯ, ಗೊಬ್ಬರದಂಥ ನೀರು ಮೇಲೇಳುತ್ತದೆ. ಅದರಲ್ಲಿ ಕಣ್ಣಿಗೆ ಕಾಣದ ಪಾಚಿ ಸಮೃದ್ಧವಾಗಿ ಬೆಳೆಯುತ್ತದೆ, ಬೂತಾಯಿ ಅದನ್ನು ತಿಂದು ಕೊಬ್ಬುತ್ತದೆ. ಒಳ್ಳೆಯ ವರ್ಷದಲ್ಲಿ ನವರಾತ್ರಿಯ ಹೊತ್ತಿನ ಬೂತಾಯಿಯ ಹೊಟ್ಟೆ ಸೀಳಿದರೆ ಕರುಳಿನ ಸುತ್ತ ಬಿಳಿ ಕೊಬ್ಬು ಪದರ ಪದರವಾಗಿ ಕಾಣುತ್ತದೆ, ಕಾವಲಿಗೆ ಹಾಕಿದರೆ ತನ್ನ ಎಣ್ಣೆಯಲ್ಲಿ ತಾನೇ ಕಾಯುತ್ತದೆ. ಕೆಟ್ಟ ವರ್ಷದಲ್ಲಿ ಅದೇ ಮೀನು ಚಪ್ಪಟೆಯಾಗಿ, ಒಣಕಲಾಗಿ ಇರುತ್ತದೆ. ಇದನ್ನು ಹಿಡಿಯುವವರಿಗಿಂತ ಮೊದಲು ಗುರುತಿಸುವವರು ಮೀನು ಮಾರುವ ಹೆಂಗಸರು ಎಂಬುದು ನನ್ನ ಅನುಭವ. ಎರಡು ಎರಡೂವರೆ ವರ್ಷವಷ್ಟೇ ಬದುಕುವ ಮೀನಾದ್ದರಿಂದ ಒಂದು ಮಳೆಗಾಲ ಕೈಕೊಟ್ಟರೂ ಮುಂದಿನ ವರ್ಷದ ಬಲೆ ಬರಿದಾಗುತ್ತದೆ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 3,297 ಟನ್ನಿಗೆ ಕುಸಿದಿತ್ತು, ಮರುವರ್ಷವೇ ಮತ್ತೆ ಒಂದು ಲಕ್ಷ ಟನ್ ದಾಟಿತು. ಇದು ಹೊಸ ಸಂಗತಿಯೂ ಅಲ್ಲ. 1940ರ ದಶಕದಲ್ಲಿ, ಕಡಲು ಇಷ್ಟು ಬಿಸಿಯಾಗುವ ಎಷ್ಟೋ ಮೊದಲು, ಬೂತಾಯಿ ಈ ಕರಾವಳಿಯಿಂದ ಹೆಚ್ಚುಕಡಿಮೆ ಕಣ್ಮರೆಯಾಗಿ ಮದ್ರಾಸ್ ಸರ್ಕಾರ ಅದನ್ನು ಹಿಡಿಯುವುದರ ಮೇಲೆ ನಿರ್ಬಂಧ ಹೇರಬೇಕಾಗಿ ಬಂದಿತ್ತು. ಏರಿಳಿತ ಈ ಮೀನಿನ ಹುಟ್ಟುಗುಣ. ಕಡಲು ಬಿಸಿಯಾಗಿರುವುದರಿಂದ ಇಳಿತದ ವರ್ಷಗಳು ಕಠಿಣವಾಗುತ್ತಿವೆ, ಬೆರಳುದ್ದದ ಮರಿಗಳನ್ನೂ ಬಿಡದೆ ಫಿಶ್ ಮೀಲ್ (ಮೀನಿನ ಪುಡಿ) ಕಾರ್ಖಾನೆಗೆ ಸಾಗಿಸುವ ನಮ್ಮ ಅಭ್ಯಾಸ ಚೇತರಿಕೆಯನ್ನು ತಡೆಯುತ್ತಿದೆ. ಎರಡನೆಯದು ನಮ್ಮ ಕೈಯಲ್ಲೇ ಇದೆ.

ಬಂಗುಡೆ (ಮ್ಯಾಕೆರೆಲ್) ಮೀನಿನ ಕಥೆ ಇನ್ನೊಂದು ಬಗೆಯದು. ಅದು ಉತ್ತರಕ್ಕಷ್ಟೇ ಅಲ್ಲ, ಆಳಕ್ಕೂ ಸರಿದಿದೆ. 1980ರ ದಶಕದ ಕೊನೆಯಲ್ಲಿ ದೇಶದ ಬಂಗುಡೆಯಲ್ಲಿ ತಳ ಗೋರುವ ಟ್ರಾಲ್ ಬೋಟುಗಳ ಪಾಲು ಶೇ 2ರಷ್ಟಿತ್ತು, 2003–2007ರ ವೇಳೆಗೆ ಅದು ಶೇ 15ರಷ್ಟಾಯಿತು. ಮೇಲ್ಮೈಯಲ್ಲಿ ಬಿಸಿ ಹೆಚ್ಚಿದಾಗ ಮೀನಿಗೆ ನೂರಾರು ಕಿಲೋಮೀಟರ್ ಈಜುವುದಕ್ಕಿಂತ ಕೆಳಗಿಳಿಯುವುದು ಸುಲಭ. ನಾಡದೋಣಿಯವರ ಬಲೆಗೆ ಸಿಗದ ಮೀನು ಟ್ರಾಲ್ ಬೋಟಿಗೆ ಸಿಗುತ್ತಿದೆ ಎಂಬ ಜಗಳದ ಹಿಂದೆ ಇದೂ ಒಂದು ಕಾರಣವಾಗಿ ಇರುತ್ತದೆ.

ಇನ್ನು ಕಾರ್ಗಿಲ್ ಮೀನು. ಕಡುನೀಲಿ ಮೈ, ಕೆಂಪು ಹಲ್ಲು, ಚಾಕು ಇಳಿಯದಷ್ಟು ದಪ್ಪ ಚರ್ಮದ ಈ ಮೀನು ಮೂಲತಃ ಬಂಡೆ ಮತ್ತು ಹವಳದ ದಿಬ್ಬಗಳ ನಿವಾಸಿ. ಅದರ ಹೆಚ್ಚಳವನ್ನು ಬಿಸಿಯೊಂದರ ತಲೆಗೆ ಕಟ್ಟಲು ನಾನು ಒಪ್ಪುವುದಿಲ್ಲ. ಅದನ್ನು ತಿನ್ನುವ ದೊಡ್ಡ ಮೀನುಗಳನ್ನು ನಾವು ಎಡೆಬಿಡದೆ ತೆಗೆದಿದ್ದೇವೆ, ತೆರವಾದ ಜಾಗಕ್ಕೆ ಯಾರಾದರೂ ಬರುತ್ತಾರೆ.

ಪ್ರಶ್ನೆ: ಮೂರು ಎಕರೆ ಅಡಿಕೆ ತೋಟವಿದೆ. ಮಳೆ ದೀಪಾವಳಿಯಾದರೂ ಬಿಡುವುದಿಲ್ಲ, ಎರಡು ಸಲ ಔಷಧ ಹೊಡೆದರೂ ಕೊಳೆರೋಗ ನಿಲ್ಲುತ್ತಿಲ್ಲ. ಈಗ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ದಾವಣಗೆರೆ ಕಡೆಯ ನೆಂಟರಿಗೆ ಕೊಳೆಯ ಚಿಂತೆಯೇ ಇಲ್ಲ. ಅಡಿಕೆಯ ಕಾಲ ನಮ್ಮಲ್ಲಿ ಮುಗಿದು ಬಯಲುಸೀಮೆಗೆ ಹೋಯಿತೇ? ಬೇರೆ ಬೆಳೆಗೆ ಹೋಗಬೇಕೇ? (ಕಾರ್ಕಳ ತಾಲೂಕಿನ ಓದುಗರು)

ಉತ್ತರ: ಮೀನು ತಾನಾಗಿ ಸರಿಯುತ್ತದೆ. ಅಡಿಕೆ ಸರಿಯುವುದಿಲ್ಲ, ಅದನ್ನು ಕೊಂಡೊಯ್ಯುವವರು ನಾವು. ದಾವಣಗೆರೆ, ಚಿತ್ರದುರ್ಗ, ತುಮಕೂರಿನ ಬಯಲಿಗೆ ಅಡಿಕೆಯನ್ನು ಕರೆದೊಯ್ದದ್ದು ಕಾಲುವೆ, ಕೊಳವೆಬಾವಿ ಮತ್ತು ಧಾರಣೆ. ಅಲ್ಲಿಯ ಹವೆ ಈಚೆಗೆ ಅಡಿಕೆಗೆ ಒಗ್ಗಿತೆಂದು ಅದು ಹೋದದ್ದಲ್ಲ. ಅಡಿಕೆ ಬರ ತಡೆಯುವ ಮರವೇ ಅಲ್ಲ, ಎರಡು ವರ್ಷ ಮಳೆ ಕೈಕೊಟ್ಟು ಕೊಳವೆಬಾವಿ ಬತ್ತಿದರೆ ನಿಮ್ಮ ನೆಂಟರು ಟ್ಯಾಂಕರಿನಲ್ಲಿ ನೀರು ತರಿಸಬೇಕಾಗುತ್ತದೆ. ಅವರ ತೋಟದಲ್ಲಿ ಕೊಳೆಯಿಲ್ಲದಿರುವುದಕ್ಕೂ ನೀರಿಗಾಗಿ ಅವರು ಪರದಾಡುವುದಕ್ಕೂ ಕಾರಣ ಒಂದೇ, ಅದು ಒಣಹವೆ.

ಕೊಳೆರೋಗದ ಶಿಲೀಂಧ್ರಕ್ಕೆ ಬೇಕಾದದ್ದು ಒಟ್ಟು ಮಳೆಯ ಇಂಚುಗಳಲ್ಲ, ಒದ್ದೆಯಾಗಿರುವ ಗಂಟೆಗಳು. ಹವೆ ತಂಪಾಗಿದ್ದು, ಗಾಳಿಯ ತೇವ ಶೇ 90 ದಾಟಿ, ನಡುನಡುವೆ ಬಿಸಿಲು ಇಣುಕುವ ಮಳೆ ಅದಕ್ಕೆ ಹಬ್ಬ. ಹನಿಯೊಡನೆ ಸಿಡಿದ ಬೀಜಕಣ ಎಳೆಗಾಯಿಯ ತೊಟ್ಟಿನ ಬಳಿ ನೆಲೆಯೂರಿ, ಮೊದಲು ಕಡುಹಸಿರು ನೀರುಗಲೆಯಾಗಿ, ವಾರದೊಳಗೆ ಬಿಳಿ ಬೂಷ್ಟಾಗಿ ಕಾಯಿಯನ್ನು ಉದುರಿಸುತ್ತದೆ. ಮಳೆಗಾಲಕ್ಕೆ ಮೊದಲು ಒಮ್ಮೆ, 40–45 ದಿನದ ಬಳಿಕ ಇನ್ನೊಮ್ಮೆ ಎಂಬ ಬೋರ್ಡೋ ದ್ರಾವಣದ ಲೆಕ್ಕ ಹುಟ್ಟಿದ್ದು ಜೂನಿನಲ್ಲಿ ಹಿಡಿದು ಸೆಪ್ಟೆಂಬರಿನಲ್ಲಿ ಬಿಡುವ ಮಳೆಗಾಗಿ. ಮಳೆ ಹಿಂದೆ ಮುಂದೆ ಆದರೆ ಲೆಕ್ಕವೂ ಆಗಬೇಕು. ಅಕ್ಟೋಬರಿನಲ್ಲೂ ಮಳೆ ಮುಂದುವರಿದರೆ ಮೂರನೆಯ ಸಿಂಪಡಣೆ ಬೇಕೇ ಬೇಕು. ಅಳತೆ ನಿಮಗೆ ಗೊತ್ತೇ ಇರುತ್ತದೆ: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಆದರೆ ತಿಕ್ಕಿ ತೊಳೆದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡುವ ಪದ್ಧತಿಯನ್ನು ಇತ್ತೀಚೆಗೆ ಹಲವರು ಬಿಟ್ಟಿದ್ದಾರೆ. ಅಲಗಿನ ಮೇಲೆ ಕೆಂಪು ತಾಮ್ರದ ಲೇಪ ಹತ್ತಿದರೆ ಸುಣ್ಣ ಸಾಲದು ಎಂದರ್ಥ, ಅಂಥ ದ್ರಾವಣ ಹಿಂಗಾರವನ್ನು (ಅಡಿಕೆಯ ಹೂಗೊಂಚಲನ್ನು) ಸುಡುತ್ತದೆ.

ಎಲೆಚುಕ್ಕಿ ಮೊದಲು ಘಟ್ಟದ ತಪ್ಪಲಿನ ತೋಟಗಳಲ್ಲಿ ಕಂಡು ಕೆಳಗಿಳಿದಿದೆ. ತೇವ ಉಳಿಯುವ ದಿನಗಳು ಹೆಚ್ಚಿದಷ್ಟೂ ಅದಕ್ಕೆ ಅನುಕೂಲ. ಆದರೆ ಸುಳ್ಯ, ಸಂಪಾಜೆಯ ಹಳದಿ ಎಲೆ ರೋಗವನ್ನು ಇದರೊಡನೆ ಬೆರೆಸಬೇಡಿ. ಅದು ಜಿಗಿಹುಳು ಹೊತ್ತು ತರುವ ಬೇರೆಯೇ ಸೂಕ್ಷ್ಮಜೀವಿಯ ಕೆಲಸ, ಕೇರಳದಲ್ಲಿ ಅದರ ಇತಿಹಾಸ ನೂರು ವರ್ಷಕ್ಕೂ ಹಿಂದಿನದು.

ತೋಟ ಕಡಿಯಬೇಡಿ. ಬಸಿಗಾಲುವೆ ಆಳ ಮಾಡಿಸಿ, ಉದುರಿದ ಕೊಳೆಗಾಯಿ ಹೆಕ್ಕಿ ಸುಡಿ, ಕಾಳುಮೆಣಸು, ಕೊಕ್ಕೊ, ಜಾಯಿಕಾಯಿ ಸೇರಿಸಿ. ಕಾಫಿಯ ಬಗ್ಗೆ ಕೇಳುವವರು ಹೆಚ್ಚುತ್ತಿದ್ದಾರೆ, ರೊಬಸ್ಟಾ ಈ ಸೆಕೆಯನ್ನು ತಾಳಿಕೊಳ್ಳಬಹುದು. ಆದರೆ ಕಾಫಿಯ ಹೂ ಅರಳಿಸುವ ಫೆಬ್ರವರಿ–ಮಾರ್ಚಿನ ಹೂಮಳೆ ನಮ್ಮಲ್ಲಿ ಭರವಸೆಯದಲ್ಲವಾದ್ದರಿಂದ ಸ್ಪ್ರಿಂಕ್ಲರ್ ಇಲ್ಲದೆ ಇಳಿಯಬೇಡಿ. ಹೊಸದಾಗಿ ನೆಡುವಾಗ ಒಂದು ಲೆಕ್ಕ ಮನಸ್ಸಿನಲ್ಲಿರಲಿ: ಇವತ್ತಿನ ಅಡಿಕೆ ಸಸಿ 2060ರ ಮಳೆಯನ್ನೂ ನೋಡಬೇಕು. ಒಂದು ಹಂಗಾಮಿನ ಭತ್ತದಲ್ಲಿ ತಪ್ಪಿದರೆ ಮುಂದಿನ ಎಣೆಲಿಗೆ (ಮಳೆಗಾಲದ ಭತ್ತದ ಬೆಳೆಗೆ) ತಳಿ ಬದಲಿಸಬಹುದು, ಮರದಲ್ಲಿ ಆ ಅವಕಾಶವಿಲ್ಲ.

ನಿಮ್ಮ ಅಂಗಳದಿಂದ ಕುದುರೆಮುಖದ ಸಾಲು ಕಾಣುತ್ತಿರಬಹುದು. ಸಾವಿರ ಮೀಟರ್ ಏರಿದರೆ ಹವೆ ಸುಮಾರು ಆರೂವರೆ ಡಿಗ್ರಿ ತಂಪು, ಹಾಗಾಗಿ ನೆಲದ ಜೀವಿಗಳು ದಶಕಕ್ಕೆ ಸರಾಸರಿ 11 ಮೀಟರ್ ಮೇಲೇರುತ್ತಿವೆ. ಆ ಶಿಖರ ಮುಗಿಯುವುದು ಸುಮಾರು 1,890 ಮೀಟರಿನಲ್ಲಿ. ಶೋಲಾ ಕಾಡಿನ (ಎತ್ತರದ ಬೆಟ್ಟಗಳ ಕಣಿವೆಯ ಕಾಡು) ತಂಪಿಗೆ ಒಗ್ಗಿದ ಗಿಡ, ಕಪ್ಪೆಗಳಿಗೆ ಅಲ್ಲಿಂದ ಮೇಲೆ ಹತ್ತಲು ಬೆಟ್ಟವಿಲ್ಲ. ಇದು ನೀವು ಕೇಳಿದ್ದಲ್ಲ, ಆದರೆ ಹೇಳದೆ ಇರಲಾಗಲಿಲ್ಲ.

ಪ್ರಶ್ನೆ: ನಮ್ಮ ಚಿಕ್ಕಂದಿನಲ್ಲಿ ಇಲ್ಲದಿದ್ದ ನವಿಲು ಈಗ ಗದ್ದೆಯಲ್ಲೇ ಠಿಕಾಣಿ ಹೂಡಿದೆ. ಉದ್ದು ಬಿತ್ತಿದರೆ ಮೊಳಕೆ ಉಳಿಯುವುದಿಲ್ಲ. ನವಿಲು ಬಂದರೆ ಊರು ಬರಡಾಗುತ್ತದೆ ಎಂಬುದು ಸರಿಯೇ? (ಕುಂದಾಪುರದ ಓದುಗರು)

ಉತ್ತರ: ನವಿಲು ಕುರುಚಲು ಕಾಡಿನ ಹಕ್ಕಿ, ದಟ್ಟ ಮಳೆಕಾಡು ಅದಕ್ಕೆ ಹಿಡಿಸದು. ಸಲೀಂ ಅಲಿಯವರು 1933ರಲ್ಲಿ ತಿರುವಾಂಕೂರು–ಕೊಚ್ಚಿಯ ಹಕ್ಕಿಗಳ ಸಮೀಕ್ಷೆ ನಡೆಸಿದಾಗ ಅವರಿಗೆ ನವಿಲು ಕಂಡಿರಲಿಲ್ಲ, ಇವತ್ತು ಕೇರಳದ ಉದ್ದಕ್ಕೂ ಇದೆ. ಇದನ್ನು ಹಿಡಿದು ನೆಲ ಒಣಗುತ್ತಿದೆ ಎನ್ನುವವರ ಮಾತನ್ನು ತಳ್ಳಿಹಾಕಲಾಗದು. ಆದರೂ ನಿಮ್ಮ ಊರಿನ ಮಟ್ಟಿಗೆ ನಾನು ಮೊದಲು ಬೊಟ್ಟು ಮಾಡುವುದು ಹಡಿಲು ಗದ್ದೆಗಳ ಕಡೆಗೆ. ಉಳುಮೆ ನಿಂತ ಗದ್ದೆಯಲ್ಲಿ ಪೊದೆ ಬೆಳೆದರೆ ಅಡಗಲು ಜಾಗ, ಪಕ್ಕದ ಗದ್ದೆಯಲ್ಲಿ ನಿಮ್ಮ ಉದ್ದು: ನವಿಲಿಗೆ ಇನ್ನೇನು ಬೇಕು? 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಕೋವಿಯ ಭಯ ಕಡಿಮೆಯಾಗಿದೆ, ನರಿಗಳೂ ಮೊದಲಿನಷ್ಟಿಲ್ಲ. ನವಿಲು ಆ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆಯಿರುವ ಒಂದನೇ ಪರಿಚ್ಛೇದದ ಪ್ರಾಣಿಯಾದ್ದರಿಂದ ಉರುಳು, ವಿಷದ ಯೋಚನೆ ಬೇಡ. ಮೊಳಕೆಯ ಮೊದಲ ಹದಿನೈದು ದಿನ ಬಲೆ ಹೊದಿಸಿ, ಸುತ್ತಲಿನ ಪೊದೆ ಸವರಿಸಿ.

ಪ್ರಶ್ನೆ: ಕರಾವಳಿಯಲ್ಲೂ ಬೆಳೆಯುತ್ತದೆ ಎಂದು ನರ್ಸರಿಯವರು ಹೇಳಿದ್ದರಿಂದ ಎರಡು ಸೇಬಿನ ಗಿಡ ತಂದು ನೆಟ್ಟಿದ್ದೇನೆ. ಹವಾಮಾನ ಬದಲಾಗುತ್ತಿರುವಾಗ ಇಲ್ಲೂ ಹಣ್ಣಾಗಬಹುದಲ್ಲವೇ? (ಕಾಪುವಿನ ಓದುಗರು)

ಉತ್ತರ: ಬದಲಾವಣೆ ಆಗುತ್ತಿರುವುದು ನೀವು ಎಣಿಸಿದ್ದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ. ಸೇಬಿನ ಮೊಗ್ಗು ಎಚ್ಚರಗೊಳ್ಳಲು ಅದು 7 ಡಿಗ್ರಿಗಿಂತ ಕಡಿಮೆ ಚಳಿಯಲ್ಲಿ ನಿರ್ದಿಷ್ಟ ಗಂಟೆಗಳ ಕಾಲ ಮಲಗಿರಬೇಕು, ಸಾಂಪ್ರದಾಯಿಕ ತಳಿಗಳಿಗಾದರೆ ಸಾವಿರ ಗಂಟೆಯ ಆಸುಪಾಸು. ಈ ಚಳಿ ಸಾಲದೆ ಹಿಮಾಚಲದ ಕುಲ್ಲು ಕಣಿವೆಯ ಕೆಳಭಾಗದ ತೋಟಗಳು ಸೊರಗಿ, ಸೇಬು ಕಿನ್ನೌರ್, ಲಾಹೌಲ್–ಸ್ಪಿತಿಯ ಎತ್ತರಕ್ಕೆ ಏರುತ್ತಿದೆ. ನಿಮಗೆ ಕೊಟ್ಟಿರುವುದು ಬಹುಶಃ ಬಿಲಾಸ್‌ಪುರದ ಹರಿಮನ್ ಶರ್ಮಾ ಅವರು ಅಭಿವೃದ್ಧಿಪಡಿಸಿದ ಎಚ್‌ಆರ್‌ಎಂಎನ್–99 ತಳಿ. ಅದು ಕಡಿಮೆ ಚಳಿಗೆ ಒಪ್ಪುವ ಉತ್ತಮ ತಳಿ ಹೌದು. ಆದರೆ ಧನುರ್ಮಾಸದ ಬೆಳಗಿನಲ್ಲೂ 20 ಡಿಗ್ರಿಯ ಆಸುಪಾಸಿನಲ್ಲಿರುವ ಕಾಪುವಿನ ಹವೆಯನ್ನು ಕಡಿಮೆ ಚಳಿ ಎನ್ನಲಾಗದು, ಅದು ಚಳಿಯೇ ಅಲ್ಲ. ಗಿಡ ಚಿಗುರುತ್ತದೆ, ಎಲೆ ಕಿತ್ತು ನೀರು ನಿಲ್ಲಿಸಿದರೆ ನಾಲ್ಕು ಹೂ ಬಿಡಲೂಬಹುದು. ನೆಟ್ಟದ್ದನ್ನು ಕೀಳಬೇಕಿಲ್ಲ, ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ. ಮೂರನೆಯ ಗಿಡಕ್ಕೆ ಮಾತ್ರ ಹಣ ಕೊಡಬೇಡಿ.