ಸ್ಕೂಟರಿನಲ್ಲಿ ಓಡಾಡುವ ಎಲೆಕ್ಟ್ರೀಷಿಯನ್‌ಗೆ ಯಾವ ಟೂಲ್ ಬಾಕ್ಸ್ ಸೂಕ್ತ?

ಐಟಿಐ ಮುಗಿಸಿ ಕುಂದಾಪುರದ ಸುತ್ತಮುತ್ತ ಮನೆಗಳ ವಯರಿಂಗ್ ಮತ್ತು ರಿಪೇರಿ ಕೆಲಸವನ್ನು ಸ್ವಂತವಾಗಿ ಆರಂಭಿಸುತ್ತಿರುವುದಾಗಿಯೂ ಓಡಾಟವೆಲ್ಲ ಸ್ಕೂಟರಿನಲ್ಲೇ ಎಂದೂ ಬರೆದಿದ್ದೀರಿ. ಐದು ಖಾನೆಯ ತಗಡಿನ ಪೆಟ್ಟಿಗೆ, ಪ್ಲಾಸ್ಟಿಕ್ ಬಾಕ್ಸ್, ಬಟ್ಟೆಯ ಟೂಲ್ ಬ್ಯಾಗ್ ಈ ಮೂರರಲ್ಲಿ ಯಾವುದನ್ನು ಕೊಳ್ಳಬೇಕು ಎಂಬುದು ನಿಮ್ಮ ಪ್ರಶ್ನೆ. ಮಂಗಳೂರಿನಲ್ಲಿ ಬಹಳ ವರ್ಷಗಳಿಂದ ಇದೇ ಕೆಲಸ ಮಾಡುತ್ತಿರುವ ನಾನು ಕೊಡುವ ಸಲಹೆ ಇಷ್ಟು: ಲೋಹದ ಕೊಂಡಿಗಳಿರುವ 19 ಇಂಚಿನ ಪ್ಲಾಸ್ಟಿಕ್ ಬಾಕ್ಸ್ ಒಂದು, ಅದರ ಜೊತೆಗೆ ಸೊಂಟಕ್ಕೆ ಕಟ್ಟಿಕೊಳ್ಳುವ ಚಿಕ್ಕ ಚೀಲ ಒಂದು. ತಗಡಿನ ಪೆಟ್ಟಿಗೆ ಸದ್ಯಕ್ಕೆ ಬೇಡ.

ಅಂಗಡಿಗೆ ಹೋಗುವ ಮೊದಲು ನಿಮ್ಮ ಸಾಮಾನುಗಳನ್ನೆಲ್ಲ ನೆಲದ ಮೇಲೆ ಹರಡಿ, ಪ್ರತಿ ಮನೆಯಲ್ಲೂ ತಪ್ಪದೆ ಕೈಗೆ ಬರುವಂಥವನ್ನು ಬೇರೆ ಮಾಡಿ. ಟೆಸ್ಟರ್, ಎರಡು ಸ್ಕ್ರೂಡ್ರೈವರ್, ಕಟಿಂಗ್ ಪ್ಲೈಯರ್, ವಯರ್ ಸ್ಟ್ರಿಪ್ಪರ್, ಇನ್ಸುಲೇಶನ್ ಟೇಪು ಇವಿಷ್ಟೇ ಆ ಗುಂಪಿನಲ್ಲಿ ಉಳಿಯುತ್ತವೆ ಮತ್ತು ಅವುಗಳ ಜಾಗ ಸೊಂಟದ ಚೀಲ. ಫ್ಯಾನಿನ ರೆಗ್ಯುಲೇಟರ್ ಬದಲಾಯಿಸುವುದಕ್ಕೆ ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿಗೆ ಇಡೀ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋಗುವ ಅಗತ್ಯವಿಲ್ಲ. ಏಣಿಯ ಮೇಲೆ ನಿಂತಾಗ ಕೆಳಗಿರುವ ಪೆಟ್ಟಿಗೆಯಿಂದ ಪ್ರಯೋಜನವೂ ಇಲ್ಲ. ಉಳಿದದ್ದು ಬಾಕ್ಸಿಗೆ. ಡ್ರಿಲ್ಲಿಂಗ್ ಮೆಷಿನ್ ಮಾತ್ರ ಅದು ಬಂದ ಕೇಸಿನಲ್ಲೇ ಇರಲಿ, ಏಕೆಂದರೆ ಎರಡು ಮೂರು ಕಿಲೋ ತೂಗುವ ಆ ಯಂತ್ರ ರಸ್ತೆಯ ಹೊಂಡಗಳಲ್ಲಿ ಕುಲುಕಾಡುತ್ತಾ ಪಕ್ಕದಲ್ಲಿರುವ ಮಲ್ಟಿಮೀಟರಿಗೆ (ವೋಲ್ಟೇಜು, ಕರೆಂಟು ಅಳೆಯುವ ಸಾಧನ) ಅಪ್ಪಳಿಸುತ್ತದೆ.

19 ಇಂಚು ಎಂದು ಹೇಳಿದ್ದಕ್ಕೆ ಕಾರಣ ಹ್ಯಾಕ್ಸಾ, ಅಂದರೆ ಪೈಪು ಮತ್ತು ಲೋಹ ಕೊಯ್ಯುವ ಗರಗಸ. 12 ಇಂಚಿನ ಬ್ಲೇಡಿನ ಹ್ಯಾಕ್ಸಾ ಫ್ರೇಮು ಹಿಡಿಕೆಯೂ ಸೇರಿ 16 ಇಂಚನ್ನು ದಾಟುತ್ತದೆ. ಬಾಕ್ಸಿನ ಮೇಲೆ ಬರೆದಿರುವುದಾದರೋ ಸಾಮಾನ್ಯವಾಗಿ ಹೊರಗಿನ ಅಳತೆ. ಒಳಗೆ ಸಿಗುವ ಉದ್ದ ಅದಕ್ಕಿಂತ ಒಂದೆರಡು ಇಂಚು ಕಡಿಮೆ. ಪೈಪು ಕೊಯ್ಯುವ ಕೆಲಸ ನಿಮಗೆ ಅಪರೂಪವಾಗಿದ್ದು 6 ಇಂಚಿನ ಬ್ಲೇಡಿನ ಚಿಕ್ಕ ಹ್ಯಾಕ್ಸಾ ಸಾಕೆನಿಸಿದರೆ 16 ಇಂಚಿನ ಬಾಕ್ಸು ಧಾರಾಳವಾಯಿತು. ಏನೇ ಆದರೂ 19 ಇಂಚಿಗಿಂತ ದೊಡ್ಡದನ್ನು ಕೊಳ್ಳಬೇಡಿ. ಜಾಗವಿದ್ದಷ್ಟೂ ಅದನ್ನು ತುಂಬುವುದು ನಮ್ಮೆಲ್ಲರ ಅಭ್ಯಾಸ, ಮತ್ತು ಆ ಭಾರವನ್ನು ದಿನವೂ ಹೊರಬೇಕಾದದ್ದು ನಿಮ್ಮ ಭುಜ.

ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಹಿಡಿಕೆ ಎಲ್ಲಿದೆ ಎಂಬುದನ್ನು. ಬಹುತೇಕ ಪ್ಲಾಸ್ಟಿಕ್ ಬಾಕ್ಸುಗಳಲ್ಲಿ ಹಿಡಿಕೆ ಇರುವುದು ಮುಚ್ಚಳದ ಮೇಲೆ. ಹಾಗಾಗಿ ನೀವು ಎತ್ತುವಾಗ ಒಳಗಿನ ಹತ್ತು ಕಿಲೋ ತೂಕವೂ ಮುಂದಿನ ಎರಡು ಕೊಂಡಿಗಳು ಮತ್ತು ಹಿಂದಿನ ಕೀಲಿನ ಮೇಲೆ ನೇತಾಡುತ್ತದೆ. ಕೊಂಡಿ ಪ್ಲಾಸ್ಟಿಕ್ಕಿನದಾಗಿದ್ದರೆ ಅದು ಬಿಸಿಲಿಗೆ ಗಡುಸಾಗಿ ಒಂದು ದಿನ ತುಂಡಾಗುತ್ತದೆ, ಸಾಮಾನೆಲ್ಲ ಮೆಟ್ಟಿಲಿನ ಮೇಲೆ ಚೆಲ್ಲುತ್ತದೆ. ಆದ್ದರಿಂದ ಕೊಂಡಿ ಲೋಹದ್ದಾಗಿರಬೇಕು. ಹಿಂದಿನ ಕೀಲು ಮಡಚುವ ತೆಳು ಪ್ಲಾಸ್ಟಿಕ್ ಪಟ್ಟಿಯಾಗಿರದೆ ಉದ್ದಕ್ಕೂ ಲೋಹದ ಸರಳು ತೂರಿಸಿದ್ದಾಗಿರಬೇಕು. ಅಂಗಡಿಯಲ್ಲೇ ಒಳಗೆ ಸ್ಪ್ಯಾನರ್ ಸೆಟ್ಟು ಮತ್ತು ಸುತ್ತಿಗೆಗಳನ್ನು ಇಡಿಸಿ ಎತ್ತಿ ನೋಡಿ. ಮುಚ್ಚಳ ನಡುವಿನಲ್ಲಿ ಬಿಲ್ಲಿನಂತೆ ಬಾಗಿದರೆ ಆ ಬಾಕ್ಸು ಬೇಡ. ಅಂಗಡಿಯವರು ಮುಖ ಸಿಂಡರಿಸಿದರೂ ಸಂಕೋಚಪಡಬೇಡಿ.

ಇನ್ನು ನಮ್ಮ ವೃತ್ತಿಗೇ ವಿಶೇಷವಾದ ಸಂಗತಿ. ನಿಮ್ಮ ಒಳ್ಳೆಯ ಸ್ಕ್ರೂಡ್ರೈವರುಗಳ ಮತ್ತು ಪ್ಲೈಯರುಗಳ ಹಿಡಿಕೆಯನ್ನು ಸೂಕ್ಷ್ಮವಾಗಿ ನೋಡಿ: ಎರಡು ತ್ರಿಕೋನಗಳ ಒಂದು ಗುರುತೂ 1000 ವೋಲ್ಟ್ ಎಂಬ ಬರಹವೂ ಇದ್ದರೆ ಅದು ಐಇಸಿ 60900 ಎಂಬ ಅಂತರರಾಷ್ಟ್ರೀಯ ಮಾನದಂಡದಂತೆ ಪರೀಕ್ಷೆಯಾದ ಉಪಕರಣ. ಆ ಗುರುತಿಗೆ ಬೆಲೆ ಇರುವುದು ಹೊದಿಕೆ ಹರಿಯದೆ ಇರುವತನಕ ಮಾತ್ರ. ಅರ, ಹ್ಯಾಕ್ಸಾ ಬ್ಲೇಡು, ಡ್ರಿಲ್ ಬಿಟ್ಟುಗಳ ರಾಶಿಯೊಳಗೆ ಇವನ್ನೂ ಎಸೆದರೆ ಕೆಲವೇ ತಿಂಗಳಲ್ಲಿ ಹೊದಿಕೆಯ ಮೇಲೆ ಕೂದಲೆಳೆಯಂಥ ಗೀರುಗಳು ಬೀಳುತ್ತವೆ, ಮತ್ತು ಅಂಥ ಗೀರಿನ ಮೂಲಕ ಬೆವರಿದ ಕೈಗೆ ಕರೆಂಟು ತಲುಪಬಲ್ಲದು. ಮಲ್ಟಿಮೀಟರಿನ ವಯರುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಹಾಗಾಗಿ ಮೇಲೆ ಎತ್ತಿ ತೆಗೆಯಬಹುದಾದ ಟ್ರೇ ಇರುವ ಬಾಕ್ಸನ್ನೇ ಆರಿಸಿಕೊಳ್ಳಿ. ಹೊದಿಕೆಯ ಉಪಕರಣಗಳು ಟ್ರೇಯಲ್ಲಿ, ಹಲ್ಲು ಮತ್ತು ಅಲಗು ಇರುವವು ಕೆಳಗೆ ದಪ್ಪ ಬಟ್ಟೆಯಲ್ಲಿ ಸುತ್ತಿಕೊಂಡು ಇರಲಿ. ಸ್ಕ್ರೂ, ಗೋಡೆಯ ತೂತಿಗೆ ಹಾಕುವ ರಾಲ್ ಪ್ಲಗ್, ವಯರಿನ ತುದಿಗೆ ಹಾಕುವ ಲಗ್ಗುಗಳಿಗೆ ಬೇರೆ ಪಾರದರ್ಶಕ ಡಬ್ಬಿ ಸಾಕು.

ತುಕ್ಕಿನ ವಿಷಯ ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲವಾದರೂ, ಪೆಟ್ಟಿಗೆಯ ಆಯ್ಕೆಯಲ್ಲಿ ಅದನ್ನು ಮರೆಯುವವರೇ ಹೆಚ್ಚು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಗಾಳಿಯಲ್ಲಿ ಉಪ್ಪಿನಂಶ ಇರುವ ನಮ್ಮ ಊರುಗಳಲ್ಲಿ ತಗಡಿನ ಪೆಟ್ಟಿಗೆಯ ಬಣ್ಣ ಮೊದಲು ಏಳುವುದು ಮೂಲೆಗಳಲ್ಲಿ, ಆಮೇಲೆ ಖಾನೆಗಳನ್ನು ಎತ್ತುವ ಪಟ್ಟಿಗಳ ರಿವೆಟ್ಟುಗಳ ಸುತ್ತ. ರಿವೆಟ್ಟು ಬಿಗಿಯಾಯಿತೆಂದರೆ ಖಾನೆ ಪೂರ್ತಿ ತೆರೆಯುವುದಿಲ್ಲ. ಹಾಗೆಂದು ರಬ್ಬರಿನ ಅಂಚಿರುವ ಪ್ಲಾಸ್ಟಿಕ್ ಬಾಕ್ಸು ತಾನಾಗಿಯೇ ರಕ್ಷಣೆ ಕೊಡುತ್ತದೆ ಎಂದೂ ತಿಳಿಯಬೇಡಿ. ಒದ್ದೆ ಪ್ಲೈಯರನ್ನು ಒಳಗಿಟ್ಟು ಮುಚ್ಚಿದರೆ ಆ ತೇವ ಅಲ್ಲೇ ಸಿಕ್ಕಿಬೀಳುತ್ತದೆ. ಮಳೆಗಾಲದಲ್ಲಿ ರಾತ್ರಿ ಮನೆಗೆ ಬಂದೊಡನೆ ಬಾಕ್ಸನ್ನು ತೆರೆದಿಡಿ, ಲೋಹದ ಭಾಗಗಳನ್ನು ಒರೆಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳುವಾಗಿ ಸವರಿ. ಹಿಡಿಕೆಗೆ ಎಣ್ಣೆ ತಾಗಬಾರದು. ಕೊಬ್ಬರಿ ಎಣ್ಣೆ ನಮ್ಮಲ್ಲಿ ಕೈಗೆ ಸುಲಭವಾಗಿ ಸಿಗುತ್ತದಾದರೂ ಕಾಲ ಕಳೆದಂತೆ ಅದು ಕಮಟಾಗಿ ಆಮ್ಲೀಯವಾಗುವುದರಿಂದ ಉಪಕರಣಕ್ಕೆ ಒಳ್ಳೆಯದಲ್ಲ. ಸಿಲಿಕಾ ಜೆಲ್ಲಿನ ಪೊಟ್ಟಣವನ್ನೂ ಇಡಬಹುದು. ತೇವ ಹೀರಿದಾಗ ಬಣ್ಣ ಬದಲಾಯಿಸುವ ಬಗೆಯಲ್ಲಿ, ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷಕಾರಿ ಲವಣ ಇರುವುದರಿಂದ ಕಿತ್ತಳೆ ಬಣ್ಣದ್ದನ್ನು ಕೇಳಿ ತೆಗೆದುಕೊಳ್ಳಿ.

ತಗಡಿನ ಪೆಟ್ಟಿಗೆಯನ್ನು ನಾನು ಹೀಗಳೆಯುತ್ತಿಲ್ಲ. ಎರಡು ಹಿಡಿಕೆಗಳನ್ನು ಹಿಡಿದು ಬಿಡಿಸಿದರೆ ಐದೂ ಖಾನೆಗಳು ಒಮ್ಮೆಗೇ ತೆರೆದುಕೊಂಡು ಪ್ರತಿಯೊಂದು ಸಾಮಾನೂ ಕಣ್ಣಿಗೆ ಬೀಳುವ ಅನುಕೂಲ ಬೇರೆ ಯಾವುದರಲ್ಲೂ ಇಲ್ಲ. ಗ್ಯಾರೇಜಿಗೆ, ಒಂದೇ ಸೈಟಿನಲ್ಲಿ ತಿಂಗಳುಗಟ್ಟಲೆ ನಡೆಯುವ ಕೆಲಸಕ್ಕೆ ಅದೇ ಸರಿ. ಆದರೆ ಖಾಲಿ ಇರುವಾಗಲೇ ಹಲವು ಕಿಲೋ ತೂಗುವ ಆ ಪೆಟ್ಟಿಗೆಯನ್ನು ಸ್ಕೂಟರಿನ ಕಾಲಿಡುವ ಜಾಗದಲ್ಲಿಟ್ಟರೆ ಅದರ ಮೂಲೆ ಮೊಣಕಾಲಿನ ಕೆಳಗೆ ತಗಲುತ್ತದೆ. ಅದಕ್ಕಿಂತ ಮುಖ್ಯವಾಗಿ, ಮನೆಯೆಲ್ಲೆಡೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಷನ್ ಬೋರ್ಡು ತೆರೆದಿರುವಾಗ ಅದರ ಬುಡದಲ್ಲಿ ಲೋಹದ ಖಾನೆಗಳನ್ನು ಹರಡಿಕೊಂಡು ಕೂರುವುದು ನನಗೆ ಸಮ್ಮತವಲ್ಲ. ಬಟ್ಟೆಯ ಬ್ಯಾಗು ಹಗುರ, ಕಿಸೆಗಳೂ ಬೇಕಾದಷ್ಟಿರುತ್ತವೆ, ಆದರೆ ಜೂನ್ ತಿಂಗಳಿನಲ್ಲಿ ಒಮ್ಮೆ ನೆನೆದರೆ ಎರಡು ದಿನ ಒಣಗದು.

ಬೀಗದ ಬಗ್ಗೆಯೂ ಕೇಳಿದ್ದೀರಿ. ಬಾಕ್ಸಿನಲ್ಲಿ ಬೀಗ ಹಾಕುವ ತೂತು ಇದ್ದರೆ ಒಳ್ಳೆಯದು, ಆದರೆ ಅದು ಮಕ್ಕಳ ಕೈಯಿಂದ ಸಾಮಾನನ್ನು ಕಾಯುತ್ತದೆಯೇ ಹೊರತು ಕಳ್ಳರಿಂದಲ್ಲ, ಬಾಕ್ಸನ್ನೇ ಎತ್ತಿಕೊಂಡು ಹೋಗಬಹುದಷ್ಟೆ. ಸ್ಕೂಟರಿನಲ್ಲಿ ಬಿಟ್ಟು ಹೋಗುವುದಾದರೆ ಹಿಡಿಕೆಯೊಳಗಿಂದ ತೂರಿಸಿ ಗಾಡಿಗೆ ಬಿಗಿಯುವ ಹೆಲ್ಮೆಟ್ ಕೇಬಲ್ ಲಾಕ್ ಒಂದನ್ನು ಬಾಕ್ಸಿನ ಜೊತೆಗೇ ಕೊಂಡುಕೊಳ್ಳಿ. ಅಂಗಡಿಗೆ ಹೋಗುವಾಗ ನಿಮ್ಮ ಹ್ಯಾಕ್ಸಾ ಮತ್ತು ಅಳತೆಯ ಟೇಪು ಕೈಯಲ್ಲಿರಲಿ, ಸ್ಕೂಟರಿನ ಕಾಲಿಡುವ ಜಾಗದ ಅಗಲವನ್ನೂ ಅಳೆದುಕೊಂಡೇ ಹೊರಡಿ.