ಮುದ್ರಣ ತಂತ್ರಜ್ಞಾನ ಡಿಪ್ಲೊಮಾದಲ್ಲಿ ಏನು ಕಲಿಸುತ್ತಾರೆ? ಅದು ಗ್ರಾಫಿಕ್ ಡಿಸೈನ್‌ಗಿಂತ ಬೇರೆಯೇ?

ಬೇರೆಯೇ. ಡಿಸೈನ್ ಇಲ್ಲೂ ಸ್ವಲ್ಪ ಇರುತ್ತದೆ, ಆದರೆ ಹೆಚ್ಚಿನ ಪಾಠ ಯಂತ್ರ, ಶಾಯಿ, ಕಾಗದದ್ದು. ಬೆಂಗಳೂರಿನ ಸರ್ಕಾರಿ ಮುದ್ರಣ ತಂತ್ರಜ್ಞಾನ ಸಂಸ್ಥೆಯಲ್ಲಿ ಎಸ್ಸೆಸ್ಸೆಲ್ಸಿ ನಂತರ 3 ವರ್ಷದ ಡಿಪ್ಲೊಮಾ ಇದೆ.

ಪಳಗಲು ಹೆಚ್ಚು ಹೊತ್ತು ಬೇಡುವುದು ಆಫ್‌ಸೆಟ್ ಎಂಬ ಮುದ್ರಣ ವಿಧಾನ. ಇದರ ಪ್ಲೇಟಿನಲ್ಲಿ (ಅಚ್ಚಿನ ತೆಳು ಹಾಳೆಯಲ್ಲಿ) ಅಕ್ಷರ ಉಬ್ಬಿರುವುದಿಲ್ಲ. ಖಾಲಿ ಜಾಗ ನೀರು ಹಿಡಿಯುತ್ತದೆ, ಅಕ್ಷರದ ಜಾಗ ಎಣ್ಣೆಯಂಶದ ಶಾಯಿ ಹಿಡಿಯುತ್ತದೆ. ಶಾಯಿ ಮೊದಲು ಬ್ಲ್ಯಾಂಕೆಟ್ ಎಂಬ ರಬ್ಬರ್ ಹಾಳೆಗೆ, ಅಲ್ಲಿಂದ ಕಾಗದಕ್ಕೆ. ನೀರು ಹೆಚ್ಚಾದರೆ ಅಚ್ಚು ಪೇಲವ, ಕಡಿಮೆಯಾದರೆ ಖಾಲಿ ಜಾಗಕ್ಕೂ ಮಸಿ. ಬಣ್ಣದ ಚಿತ್ರಕ್ಕೆ ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂದು 4 ಪ್ಲೇಟು. ಒಂದು ಕೂದಲೆಳೆಯಷ್ಟು ಸರಿದರೂ ಚಿತ್ರ ಮಸುಕು. (ಪ್ರಾಕ್ಟಿಕಲ್ ತಪ್ಪಿಸುವವರು ಒದ್ದಾಡುವುದು ಇಲ್ಲೇ.)

ಪ್ಯಾಕೇಜಿಂಗ್ ಕಡೆ ಹೋಗುವ ಯೋಚನೆಯಿದ್ದರೆ ಪ್ಯಾಕೆಟ್, ಕವರುಗಳ ಮೇಲೆ ಅಚ್ಚೊತ್ತುವ ವಿಧಾನಗಳಾದ ಫ್ಲೆಕ್ಸೊ, ಗ್ರೆವ್ಯೂರ್ ಪಾಠಗಳನ್ನು ಉದಾಸೀನ ಮಾಡಬೇಡಿ.