ನೀಲಿ ತಟ್ಟೆಯ ಅಂಚಿನಲ್ಲಿ ಬಳ್ಳಿ ತುಂಡಾಗಿದ್ದರೆ

ಹಳೆಯ ನೀಲಿ ತಟ್ಟೆಯ ಅಂಚಿನ ಬಳ್ಳಿಚಿತ್ರ ತುಂಡಾಗಿರುವುದು ಬಹುಶಃ ಅಚ್ಚಿನ ಕಾಗದದ ಎರಡು ತುದಿ ಸೇರಿದ ಜಾಗ. ಅದೊಂದರಿಂದಲೇ ನಿಮ್ಮ ಇಂಗ್ಲಿಷ್ ತಟ್ಟೆಯನ್ನು ನಕಲಿ ಅನ್ನಬೇಡಿ. ತಾಮ್ರದ ಫಲಕದ ಚಿತ್ರವನ್ನು ತೆಳು ಕಾಗದಕ್ಕೆ ಒತ್ತಿ, ತಟ್ಟೆಗೆ ಅಂಟಿಸಿ ಉಜ್ಜುತ್ತಿದ್ದರು. ಇಂಗ್ಲೆಂಡಿನ ಸ್ಟ್ಯಾಫರ್ಡ್‌ಶೈರ್‌ನ ಪಿಂಗಾಣಿ ಕಾರ್ಖಾನೆಗಳಲ್ಲಿ ಈ ಅಂಟಿಸಿ ಉಜ್ಜುವುದು ಹೆಚ್ಚಾಗಿ ಹೆಂಗಸರ, ಹುಡುಗಿಯರ ಕೆಲಸವಾಗಿತ್ತು. ಅಗ್ಗದ ಮಾಲಿನಲ್ಲಿ ಜೋಡಣೆ ಅವಸರದ್ದು. ಆದರೂ ಚೀನಾದ ಕೈಚಿತ್ರದ ಪಿಂಗಾಣಿ ಕೊಳ್ಳಲಾಗದ ಮನೆಗಳಿಗೆ ಒಂದೇ ಚಿತ್ರದ ಇಡೀ ಸೆಟ್ ಸಿಕ್ಕಿದ್ದು ಇದರಿಂದಲೇ. ಎಷ್ಟು ದೊಡ್ಡ ಬದಲಾವಣೆ ಅಲ್ವಾ!

ಮೊದಲು ಭೂತಗನ್ನಡಿಯಲ್ಲಿ ನೋಡಿ. ಕುಂಚದ ಎಳೆಯ ಬದಲು ಸಣ್ಣ ಚುಕ್ಕಿ, ಗೀಟು ಕಂಡರೆ ಅಚ್ಚಿನದು. ಆಮೇಲೆ ತಿರುಗಿಸಿ. ಹಿಂದೆ ಬರೀ ‘ಇಂಗ್ಲೆಂಡ್’ ಅಂತಿದ್ದರೆ ಸಾಮಾನ್ಯವಾಗಿ 1891ರ ನಂತರದ್ದು; ಆಗ ಅಮೆರಿಕ ಆಮದು ಮಾಲಿನ ಮೇಲೆ ದೇಶದ ಹೆಸರು ಕಡ್ಡಾಯ ಮಾಡಿತು. ‘ಮೇಡ್ ಇನ್ ಇಂಗ್ಲೆಂಡ್’ ಇದ್ದರೆ ಹೆಚ್ಚಾಗಿ 20ನೇ ಶತಮಾನ. ಗುರುತೇ ಇಲ್ಲದಿದ್ದರೆ ವರ್ಷ ಬರೀ ಅಂದಾಜು. ಸುಮ್ನೆ ಮಾರಬೇಡಿ, ಮಾರಾಟದ ಜಾಹೀರಾತಿನಲ್ಲಿ ಹಿಂಭಾಗದ ಫೋಟೊ ಹಾಕಿ.